ಎರಡು ಕ್ಯಾನ್ ಜಾಗ

ಸಮುದ್ರ ಈ ವರ್ಷವೂ ಇನ್ನಷ್ಟು ಅಗಲವಾಗಿದೆ. ನನ್ನ ಗಂಡ ಉಮಾಕಾಂತನನ್ನು ಸುಟ್ಟ ನಡುಗಡ್ಡೆ ಆಗ ದಡದಿಂದ ಕಾಣುತ್ತಿತ್ತು. ಈಗ ಅಲ್ಲಿಗೆ ಮುಟ್ಟಲು ಇಡೀ ಹಗಲು ಬೇಕು.

ಪ್ರತಿ ವರ್ಷ ಅವನ ತಿಥಿಗೆ ನಾನೂ ಮೈದುನ ದಾಮೋದರನೂ ಹೋಗುತ್ತೇವೆ. ಬಂದರಿನ ದೋಣಿಗಳಿಗೆ ಡೀಸೆಲ್ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಹೋಗಲು ಒಂದು ಪಾಲು, ಬರಲು ಒಂದು ಪಾಲು, ಗಾಳಿ ತಿರುಗಿದರೆ ಇರಲಿ ಎಂದು ಇನ್ನೊಂದು ಪಾಲು. ಈ ಸಲ ಆ ಮೂರನೆಯ ಪಾಲನ್ನೂ ಹೇರಿದರೆ ದೋಣಿಯ ಅಂಚಿಗೆ ನೀರು ಬರುತ್ತದೆ.

"ಗಾಳಿಯ ಪಾಲು ಬಿಟ್ಟುಬಿಡಿ ಅತ್ತಿಗೆ," ಎಂದ ದಾಮೋದರ. "ಸಮುದ್ರ ಬೆಳೀತದೆ, ನಮ್ಮ ದೋಣಿ ಬೆಳೀತದಾ?"

"ಬಿಡಬಹುದಾ ಎಂದು ಹೋಗಿ ನಿನ್ನ ಹೆಂಡತಿಯನ್ನು ಕೇಳಿಕೊಂಡು ಬಾ."

ಅವನು ನಕ್ಕ. ಕೇಳಲು ಹೋಗಲಿಲ್ಲ.

ನನ್ನ ತೂಕ ಹೆಚ್ಚುಕಡಿಮೆ ಎರಡು ಕ್ಯಾನ್ ಡೀಸೆಲ್‌ನಷ್ಟು. ನಾನು ದೋಣಿಯಿಂದ ಇಳಿದೆ. ಕೂತಿದ್ದ ಹಲಗೆಯ ಮೇಲೆ ಗಾಳಿಯ ಪಾಲಿನ ಎರಡು ಕ್ಯಾನ್ ಇಟ್ಟು ಹಗ್ಗ ಬಿಗಿದೆ. ಲೆಕ್ಕ ಸರಿಹೋಯಿತು. ಮುಂದಿನ ವರ್ಷ ಹೀಗೂ ಸರಿಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಎಡೆಯ ಬುಟ್ಟಿಯನ್ನು ಅವನ ಕೈಗೆ ಕೊಟ್ಟೆ. ಉಮಾಕಾಂತನಿಗೆ ಸೇರುತ್ತಿದ್ದ ಒಣಸೀಗಡಿ ಚಟ್ನಿ ಮೇಲೆಯೇ ಇತ್ತು.

"ಅಣ್ಣನಿಗೆ ಏನಾದರೂ ಹೇಳಬೇಕಾ?"

"ಏನೂ ಬೇಡ. ಮುಟ್ಟಿದ ಮೇಲೆ ಇಂಜಿನ್ ಆಫ್ ಮಾಡಿ ಅವನ ಹತ್ತಿರ ಸುಮ್ಮನೆ ಕೂತಿರು."

"ಎಷ್ಟು ಹೊತ್ತು?"

"ಎಷ್ಟು ಹೊತ್ತಾದರೂ. ಕೂತಿರುವುದಕ್ಕೆ ಡೀಸೆಲ್ ಬೇಡ."