ಕೊಲೆದೇವರ ಮಗಳ ಕನಸು

ಪ್ಯಾಸ್ಟಿಯೊಳಗೆ ಮಾಂಸ, ಆಲೂಗಡ್ಡೆ ತುಂಬಿ, ಕರ್ಜಿಕಾಯಿಯಂತೆ ಅಂಚು ಮಡಿಸುತ್ತ ಐಲಾ ಆರನೆಯದಕ್ಕೆ ಬಂದಿದ್ದಳು. ಅಷ್ಟರಲ್ಲಿ ಊಟದ ಮೇಜಿನ ಕಡೆಯಿಂದ ಬರುತ್ತಿದ್ದ ತಮ್ಮ ವಾಲ್ಟರನ ದನಿ ಇದ್ದಕ್ಕಿದ್ದಂತೆ ತಗ್ಗಿತು. ಅವನ ದನಿ ತಗ್ಗಿತೆಂದರೆ ಆಟದಲ್ಲಿ ಯಾರಿಗೋ ಕನಸು ಬೀಳುತ್ತಿದೆಯೆಂದೇ ಅರ್ಥ.

"ಬೆಂಕಿ ಆರಿತು. ಎಲ್ರಿಗೂ ನಿದ್ದೆ ಹತ್ತಿತು. ಸೊರೆನಾ, ನಿನ್ನ ಕನಸಿನಲ್ಲಿ ಮತ್ತೆ ಅದೇ ಮೂಳೆಯ ಸಿಂಹಾಸನ."

"ಅಪ್ಪ ಬಂದ್ನಾ?" ಎಂದಳು ಹೇಝಲ್, ಐಲಾಳ ಮಗಳು.

"ಅವನಿಗೂ ಬೇರೆ ಕೆಲಸ ಇಲ್ಲ," ಎಂದಳು ಐಲಾ ಅಡುಗೆಮನೆಯಿಂದಲೇ. "ಸತ್ತ ದೇವರು ಸತ್ತ ಹಾಗೆ ಬಿದ್ದಿರಬಾರದಾ? ಒಂದು ರಾತ್ರಿ ನಾವು ನೆಮ್ಮದಿಯಾಗಿ ಮಲಗಿದ್ರೆ ಯಾರಪ್ಪನ ಗಂಟು ಹೋಗುತ್ತೆ?"

"ನೀನು ಗಾಯಕ್ಕೆ ಮದ್ದು ಹಚ್ಚೋಳು, ಅಕ್ಕ. ಈಗ ನಿನ್ನ ಪಾತ್ರ ಗೊರಕೆ ಹೊಡೀತಿದೆ. ಸುಮ್ನಿರು."

ಡುಲೂತ್ ಪಟ್ಟಣದ ಆ ಮನೆಯಲ್ಲಿ ಒಂದು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಇದೇ ಆಟ. ಕಥೆ ನಡೆಸುವವನು ವಾಲ್ಟರ್. ಹದಿನಾರರ ಹೇಝಲ್‌ಳದು ಕೊಲೆಯ ದೇವರಿಗೆ ಹುಟ್ಟಿದ ಮಗಳು ಸೊರೆನಾಳ ಪಾತ್ರ. ಸತ್ತ ಅಪ್ಪ ಕನಸಿಗೆ ಬಂದು, ನನ್ನ ರಕ್ತ ನಿನ್ನದು, ಕೈಯನ್ನು ತಡೆಯಬೇಡ ಎನ್ನುತ್ತಾನೆ. ಇಪ್ಪತ್ತು ಮುಖದ ದಾಳದಲ್ಲಿ ಹನ್ನೊಂದೋ ಅದಕ್ಕಿಂತ ಹೆಚ್ಚೋ ಬಿದ್ದರೆ ಮಗಳು ಅವನನ್ನು ತಳ್ಳಿ ಏಳುತ್ತಾಳೆ. ಕಡಿಮೆ ಬಿದ್ದರೆ ಅವನಂತಾಗಲು ಒಂದು ಮೆಟ್ಟಿಲು ಹತ್ತಿರ. ಕನಸಿನ ದಾಳವನ್ನು ಮಾತ್ರ ವಾಲ್ಟರನೇ ತನ್ನ ಮುಂದಿನ ರಟ್ಟಿನ ಮರೆಯ ಹಿಂದೆ ಉರುಳಿಸುತ್ತಿದ್ದ. ಕನಸು ಕಾಣುವವರು ತಮ್ಮ ಹಣೆಬರಹ ನೋಡಬಾರದೆಂಬುದು ಅವನ ನಿಯಮ. ಈವರೆಗೆ ನಾಲ್ಕು ಕನಸು ಬಿದ್ದಿದ್ದವು. ನಾಲ್ಕರಲ್ಲೂ ಹೇಝಲ್ ಸೋತಿದ್ದಳು.

ವಾಲ್ಟರನ ಬೆನ್ನ ಹಿಂದಿನ ಕಪಾಟಿನಿಂದ ಟ್ರೇ ತೆಗೆಯಲು ಐಲಾ ಬಂದಾಗ ದಾಳ ಉರುಳಿ ನಿಂತಿತು. ಹದಿನೇಳು.

"ಬಿದ್ದದ್ದು ಏಳು," ಎಂದ ವಾಲ್ಟರ್. "ಅಪ್ಪನ ಕೈ ನಿನ್ನ ಕೈ ಹಿಡಿಯುತ್ತೆ. ಎಚ್ಚರವಾದಾಗ ನಿನ್ನ ಉಗುರೆಲ್ಲ ಕಪ್ಪು."

ಬೇರೆ ದಿನವಾಗಿದ್ದರೆ ಹೇಝಲ್ ಜಗಳಕ್ಕೆ ನಿಲ್ಲುತ್ತಿದ್ದಳು. ಇಂದು ತನ್ನ ನಿಜವಾದ ಉಗುರುಗಳನ್ನೇ ನೋಡಿಕೊಂಡಳು.

"ಇನ್ಮೇಲೆ ಎಸೀಲೇಬೇಡ ಮಾಮ. ಸುಮ್ನೆ ಬರ್ಕೋ. ಒಳಗಿರೋದು ದಾಳ ಎಸೆದ್ರೆ ಹೋಗುತ್ತಾ?"

ಹತ್ತು ದಿನದ ಹಿಂದೆ ಅವಳು ಶಾಲೆಯಲ್ಲಿ ಒಬ್ಬ ಹುಡುಗಿಯನ್ನು ಕಬ್ಬಿಣದ ಕಪಾಟಿಗೆ ನೂಕಿ, ಶಾಲೆಯವರು ಹೊರಗಿಟ್ಟಿದ್ದರಿಂದ ಮೂರು ದಿನ ಮನೆಯಲ್ಲಿ ಕೂತಿದ್ದಳು.

"ವಾಲ್ಟ್, ಇಲ್ಲಿ ಬಾ. ಟ್ರೇ ಹಿಡ್ಕೊ," ಎಂದಳು ಐಲಾ. ಅವನು ಒಲೆಯ ಬಳಿ ಬಂದ ಕೂಡಲೆ ದನಿ ತಗ್ಗಿಸಿ ಕೇಳಿದಳು, "ಹದಿನೇಳನ್ನ ಏಳು ಅಂತ ಓದ್ತೀಯಲ್ಲ, ಕನ್ನಡಕ ಮಾಡಿಸ್ಕೊಡ್ಲಾ?"

"ನೋಡ್ಬಿಟ್ಯಾ?" ವಾಲ್ಟರ್ ಪೆಚ್ಚುನಗೆ ನಕ್ಕ. "ಕಥೆ ನಡೆಸೋರು ಎಷ್ಟೋ ಜನ ಮಾಡ್ತಾರಕ್ಕ. ಮರೆ ಇರೋದೇ ಅದಕ್ಕೆ. ಈಗ್ಲೇ ಗೆದ್ದುಬಿಟ್ರೆ ಕೊನೇಲಿ ಸಿಂಹಾಸನದ ಮುಂದೆ ಅವಳಿಗೆ ಏನು ಉಳಿಯುತ್ತೆ?"

"ಮೊದಲಿನ ನಾಲ್ಕು?"

ಅವನು ಒಂದು ಪ್ಯಾಸ್ಟಿಯ ಅಂಚನ್ನು ಬೇಕಿಲ್ಲದಿದ್ದರೂ ಒತ್ತಿದ. "ಒಂದ್ಸಲ ನಿಜವಾಗ್ಲೂ ಸೋತ್ಲು."

"ಒಂದೇ ಸಲ."

"ಆಟ ಕಣಕ್ಕ."

"ಅವಳ ಮುಖ ನೋಡಿ ಹೇಳು ಆ ಮಾತನ್ನ."

"ಮತ್ತೆ ಶಾಲೇಲಿ ಮಾಡಿದ್ದು? ಅದೂ ನಾನು ಎಸೆದ ದಾಳಾನಾ?" ಈಗ ವಾಲ್ಟರ್ ನಗುತ್ತಿರಲಿಲ್ಲ. "ನಮ್ಮಪ್ಪ ಕೈಯೆತ್ತೋ ಮುಂಚೆ ಇವಳ ಹಾಗೇ ಸುಮ್ಮನಾಗ್ತಿದ್ದ. ನೀನು ನೋಡಿಲ್ವಾ? ನಾನು ಯಾಕೆ ಮಕ್ಕಳು ಬೇಡ ಅಂದೆ ಅಂದ್ಕೊಂಡಿದ್ದೀಯ?"

ಅದು ಅವನ ಸೋಮಾರಿತನ ಎಂದೇ ಐಲಾ ಇಷ್ಟು ವರ್ಷ ತಿಳಿದಿದ್ದಳು. ಹಾಗೆಂದು ಎಲ್ಲರ ಮುಂದೆ ಆಡಿಕೊಂಡೂ ಇದ್ದಳು. ಯಾರ ಮೇಲೆ ರೇಗಬೇಕೆಂದೇ ತೋಚಲಿಲ್ಲ. ಇವನ ಮೇಲೋ, ಮಣ್ಣಿಗೆ ಹೋಗಿ ಹನ್ನೊಂದು ವರ್ಷವಾದರೂ ಭಾನುವಾರದ ಊಟ ತಪ್ಪಿಸದ ಅಪ್ಪನ ಮೇಲೋ? ಶಾಲೆಯಿಂದ ಫೋನು ಬಂದ ದಿನ ಹೇಝಲ್‌ಳನ್ನು ಕಾರಿನಲ್ಲಿ ಕರೆತರುವಾಗ, ರಸ್ತೆಯ ಮೇಲಿನ ಕಣ್ಣು ತೆಗೆಯದೆ, "ನಿನಗೆ ನಿಮ್ಮ ತಾತನ ಕೈಯೇ ಬಂದಿದೆ" ಎಂದವಳು ತಾನೇ. ಆ ಮಾತನ್ನು ಮರೆಯಿಲ್ಲದೆ, ದಾಳವೂ ಇಲ್ಲದೆ ಆಡಿಬಿಟ್ಟಿದ್ದಳು. ಹೇಝಲ್ ಆಗಲೂ ಉಗುರು ನೋಡಿಕೊಂಡಿದ್ದಳೋ ಏನೋ; ಇವಳು ತಿರುಗಿ ನೋಡಿರಲಿಲ್ಲ.

"ಮುಂದಿನ ವಾರ ಗೆಲ್ಲಿಸ್ತೀನಿ ಬಿಡು," ಎಂದ ವಾಲ್ಟರ್ ಮೆತ್ತಗೆ.

"ನೀನೇನು ಗೆಲ್ಲಿಸೋದು? ಅವಳು ಗೆದ್ದಾಗಿದೆ."

"ಅವಳಿಗೆ ಹೇಳ್ಬಿಡ್ತೀಯಾ? ಒಂದು ವರ್ಷದ ಕಥೆ ಅಕ್ಕ, ಹಾಳಾಗಿ ಹೋಗುತ್ತೆ."

ಐಲಾ ಟ್ರೇಯನ್ನು ಅವನ ಕೈಯಿಂದ ತೆಗೆದು ಒಲೆಯೊಳಗೆ ತಳ್ಳಿ ಬಾಗಿಲು ಮುಚ್ಚಿದಳು. ಬೇಯಲು ಇನ್ನೂ ಮುಕ್ಕಾಲು ಗಂಟೆ ಬೇಕಿತ್ತು. ಆದರೂ ಮೂರು ತಟ್ಟೆ ಎತ್ತಿಕೊಂಡಳು.

"ಹೇಝಲ್, ಫೋರ್ಕ್ ತಗೊಂಡು ಬಾ."

"ಈಗ್ಲೇನಾ? ಇನ್ನೂ ಹಸಿ ಹಿಟ್ಟಿನ ವಾಸನೇನೇ ಹೋಗಿಲ್ಲ ಅಮ್ಮ."

"ತಾ ಅಂದ್ರೆ ತಾ."

ಮಗಳು ಗೊಣಗುತ್ತ ಒಳಗೆ ಹೋದಳು. ಐಲಾ ಮೇಜಿನ ಆ ಕಡೆಗೆ ನಡೆದು, ತಟ್ಟೆಗಳಿಗೆ ಜಾಗ ಮಾಡುವವಳಂತೆ ರಟ್ಟಿನ ಮರೆಯನ್ನು ಮಡಿಸಿ ಗೋಡೆಗೆ ಒರಗಿಸಿದಳು. ವಾಲ್ಟರನ ಪುಸ್ತಕ, ಪೆನ್ಸಿಲು, ನಕ್ಷೆ ಎಲ್ಲವನ್ನೂ ಒಟ್ಟುಮಾಡಿ ಬದಿಗಿಟ್ಟಳು. ಫೋರ್ಕುಗಳ ಸದ್ದು ಹತ್ತಿರವಾಗುತ್ತಿತ್ತು. ಹದಿನೇಳನ್ನೇ ತೋರಿಸುತ್ತಿದ್ದ ದಾಳವನ್ನು ಮಾತ್ರ ಅವಳು ಮುಟ್ಟಲಿಲ್ಲ.