ಚೆಂಡಿನ ನೆರಳು

ಎರಡನೇ ಡಿವಿಷನ್ನಿನ ಪ್ಲೇ-ಆಫ್ ಗೆದ್ದ ತಂಡದ ಊರಿಗೆ ಊರೇ ನೆಲದಡಿಯ ವಾಸ ಬಿಟ್ಟು ಮೇಲಿನ ಬಿಸಿಲಿಗೆ ಹತ್ತಬಹುದು. ಹಾಗಾಗಿ ಫೈನಲ್ ದಿನ ಕೆಳಗೆ ಯಾರೂ ಒಗೆದ ಬಟ್ಟೆ ಒಣಹಾಕಲಿಲ್ಲ. ಬಕೆಟ್ ಮುಂದಿಟ್ಟುಕೊಂಡು ರೇಡಿಯೊ ಕೇಳುತ್ತಿದ್ದರು.

ಮೇಲಿನ ಮೈದಾನದಲ್ಲಿ ಪೆನಾಲ್ಟಿ ಶುರುವಾದಾಗ ಗೋಲ್‌ಕೀಪರ್ ಜೆಸಿಂತಾ ಮೊದಲ ಚೆಂಡನ್ನು ಬಿಟ್ಟು ಅದರ ನೆರಳಿನ ಮೇಲೆ ಹಾರಿದಳು. ಸುತ್ತಲೂ ದೀಪ ಉರಿಯುವ ಕೆಳಗಿನ ಊರಲ್ಲಿ ಇಂಥ ಕಪ್ಪು ನೆರಳನ್ನು ಅವಳು ಕಂಡೇ ಇರಲಿಲ್ಲ.

“ಆ ಕರೀದು ಚೆಂಡಲ್ಲ ಕಣೇ!” ಎಂದು ಕೋಚ್ ಮುನಿರತ್ನಮ್ಮ ಕೂಗಿದರು.

“ಗೊತ್ತಾಯ್ತು ಬಿಡಕ್ಕಾ!”

ಕೊನೆಯ ಹೊಡೆತ ತಡೆದರೆ ಗೆಲುವು. ಎದುರಾಳಿಯ ಬೆನ್ನ ಹಿಂದಿನ ಸೂರ್ಯನಿಗೆ ಕಣ್ಣು ಬಿಡಲಾಗದೆ ಜೆಸಿಂತಾ ನೆಲ ನೋಡಿದಳು. ನೆರಳಿನ ಕಾಲು ಎಡಕ್ಕೆ ತಿರುಗಿತು. ಅವಳೂ ಅತ್ತಲೇ ಹಾರಿ ಚೆಂಡನ್ನು ಅಪ್ಪಿಕೊಂಡಳು.

ಕೆಳಗೆ ಅವಳಜ್ಜಿ ಬಕೆಟ್ ಎತ್ತಿಕೊಂಡು ಪಕ್ಕದ ಮನೆಯವಳಿಗೆ ಹೇಳಿದಳು: “ಕ್ಲಿಪ್ಪು ಮರೀಬೇಡಮ್ಮಾ, ಮೇಲೆ ಗಾಳಿ ಬೀಸುತ್ತಂತೆ.”