ಹುಲ್ಲಿನ ಮೇಲಿನ ಚಿಪ್ಸ್ ತುಂಡು

ಹುಲ್ಲಿನ ಮೇಲೆ ಬಿದ್ದಿದ್ದ ಆಲೂಗಡ್ಡೆ ಚಿಪ್ಸ್ ತುಂಡನ್ನು ಅಪಾರ್ಟ್‌ಮೆಂಟಿನ ಮ್ಯಾನೇಜರ್ ನಡೀನ್ ಎರಡು ಬೆರಳಲ್ಲಿ ಎತ್ತಿ, ತೋಟದ ಕೆಲಸದ ಓಡೆಲ್‌ನ ಮೂಗಿನ ಮುಂದೆ ಹಿಡಿದಳು. "ತಿಂದು ಬಿಸಾಕೋಕೆ ಇದೇನು ನಿಮ್ಮನೆ ಹಿತ್ತಿಲೇನ್ರೀ? ಈ ವಾರದಲ್ಲಿ ಇದು ಮೂರನೇ ಸಲ." ಈಜುಕೊಳದ ಕಟ್ಟೆಯ ಮೇಲೆ ಅಮೆರಿಕದ ಜಾರ್ಜಿಯಾದ ಬಿಸಿಲು ಕಾಯಿಸುತ್ತಿದ್ದವರು ಕಿಸಕ್ಕನೆ ನಕ್ಕರು. ಅವರಿಗೆ ಕೇಳಲೆಂದೇ ಅವಳು ದನಿ ಏರಿಸಿದ್ದಳು.

"ಮೇಡಮ್, ಮೊದ್ಲು ಕಾಲು ಆಚೆ ತೆಗೀರಿ," ಎಂದ ಓಡೆಲ್.

"ಎಲ್ಲಿ ನಿಲ್ಬೇಕು ಅಂತ ನೀವು ನಂಗೆ ಹೇಳ್ಕೊಡ್ಬೇಡಿ."

ಮಾತು ಮುಗಿಯುವುದರೊಳಗೆ ಅವಳ ಚಪ್ಪಲಿಯ ಪಟ್ಟಿಗಳ ನಡುವೆ ಕೆಂಡ ಸುರಿದಂತಾಯಿತು. ಬೆಂಕಿ ಇರುವೆಗಳು ಅಷ್ಟೂ ಒಟ್ಟಿಗೆ ಕುಟುಕಿದ್ದವು. ಅರವತ್ತು ದಾಟಿದ ಓಡೆಲ್ ಮಂಡಿಯೂರಿ, ಅವಳ ಪಾದದಿಂದ ಅವನ್ನು ಬರಿಗೈಯಲ್ಲೇ ಉಜ್ಜಿ ಉಜ್ಜಿ ಕೊಡವಿದ. ಅವನ ಬೆರಳುಗಳೂ ಊದತೊಡಗಿದವು. "ವಿಷದ ಕಾಳು ಹಾಕೋಕ್ ಮುಂಚೆ ಚಿಪ್ಸ್ ಇಟ್ಟು ನೋಡ್ತೀವಿ ಮೇಡಮ್," ಎಂದ ತಲೆಯೆತ್ತದೆ, ಅವಳಿಗಷ್ಟೇ ಕೇಳುವಂತೆ. "ಅದಕ್ಕೆ ಮುತ್ತಿಕೊಂಡ್ರೆ ಹಸಿದಿವೆ ಅಂತ ಅರ್ಥ. ಹಸಿವಿಲ್ಲದಾಗ ವಿಷ ಹಾಕಿದ್ರೆ ಮುಟ್ಟೋದಿಲ್ಲ, ಸುಮ್ನೆ ದಂಡ."

ಏನಾಯಿತೆಂದು ಕೊಳದ ಕಡೆಯಿಂದ ಯಾರೋ ಕೂಗಿ ಕೇಳಿದರು. ನಡೀನ್ ಬಾಯಿ ತೆರೆಯುವ ಮೊದಲೇ ಓಡೆಲ್ ಎದ್ದು, ಊದಿದ ಕೈಯನ್ನು ಬೆನ್ನ ಹಿಂದೆ ಮರೆಮಾಡಿ ಹೇಳಿದ: "ಮಕ್ಕಳನ್ನ ಈ ಕಡೆ ಬಿಡ್ಬೇಡಿ. ಗೂಡು ಎಲ್ಲಿದೆ ಅಂತ ಮೇಡಮ್ಮೇ ಹುಡುಕಿಕೊಟ್ರು."

ನಡೀನ್‌ಗೆ ಅವನ ಮುಖ ನೋಡಲಾಗಲಿಲ್ಲ. ನಾಳೆಯಿಂದ ಈ ಮನುಷ್ಯ ಬೇಡ ಎಂದು ಅವನನ್ನು ಕೆಲಸಕ್ಕೆ ಕಳಿಸುವ ಕಂಪನಿಗೆ ಬೆಳಿಗ್ಗೆಯೇ ಅವಳು ಬರೆದು ಕಳಿಸಿಯಾಗಿತ್ತು.